ಹೊಲಕ್ಕೊಂದು ಕಾಯ್ದೆ, ಆಳಿಗೊಂದು

ಬೀದರ್ ಜಿಲ್ಲೆಯ ಔರಾದ್ ತಹಸೀಲ್ ಕಚೇರಿಗೆ ಎಡತಾಕುವವರಿಗೆ ನಮೂನೆ 57 ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಉಳುತ್ತಿರುವವರು, 2005ರ ಜನವರಿ 1ಕ್ಕೂ ಮೊದಲಿನಿಂದ ಸಾಗುವಳಿ ನಮ್ಮದೇ, ಸಕ್ರಮ ಮಾಡಿಕೊಡಿ ಎಂದು ಕೇಳುವ ಬಗರ್‌ಹುಕುಂ ಅರ್ಜಿ ಅದು. ಅರ್ಜಿದಾರನನ್ನು ಯಾರೂ ಕಳ್ಳ ಅನ್ನುವುದಿಲ್ಲ. 1963ರ ಕಾಲಮಿತಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಬೇರೆಯವರ ಜಮೀನಿನಲ್ಲಿ 12 ವರ್ಷ ರಾಜಾರೋಷವಾಗಿ ಕೂತವನ ಮೇಲೆ ಮಾಲೀಕ ದಾವೆ ಹೂಡುವಂತಿಲ್ಲ, ಸರ್ಕಾರಕ್ಕಾದರೆ 30 ವರ್ಷ. ಇಷ್ಟು ಕಾಲದಲ್ಲಿ ಆ ನೆಲಕ್ಕೆ ಒಂದು ಸಂಸಾರ ಅಂಟಿಕೊಂಡಿರುತ್ತದೆ, ಸಾಕ್ಷಿಗಳು ಸತ್ತಿರುತ್ತಾರೆ, ತಡೆಯಬೇಕಾದವನು ನಿದ್ದೆ ಹೊಡೆದಿರುತ್ತಾನೆ.

ಈ ಮೂರೂ ಕಾರಣ ಮನುಷ್ಯನ ವಾಸಕ್ಕೂ ಸಲ್ಲುತ್ತವೆ ಎಂಬುದು ನನ್ನ ವಾದ. ಕಾಗದವಿಲ್ಲದೆ ಗಡಿ ದಾಟಿ ಬಂದು, 20 ವರ್ಷ ಇಲ್ಲೇ ದುಡಿದು ಮಕ್ಕಳನ್ನು ಸಾಕಿದವನಿಗೆ ನಮ್ಮ ಪೌರತ್ವ ಕಾಯ್ದೆಯಲ್ಲಿ, ಮುಂದೆ ಹೇಳುವ ಎರಡು ವಿನಾಯಿತಿ ಬಿಟ್ಟರೆ, ಯಾವ ಅವಧಿಯ ರಿಯಾಯಿತಿಯೂ ಇಲ್ಲ. 2004ರ ಡಿಸೆಂಬರ್ 3ರ ನಂತರ ಹುಟ್ಟಿದ ಮಗು, ತಂದೆತಾಯಿಗಳಲ್ಲಿ ಒಬ್ಬರು ಅಕ್ರಮ ವಲಸಿಗರಾದರೂ ಸಾಕು, ಹುಟ್ಟಿನ ಪೌರತ್ವ ಕಳೆದುಕೊಳ್ಳುತ್ತದೆ. ಆ ಮಗು ಯಾವ ಗಡಿಯನ್ನೂ ದಾಟಿರುವುದಿಲ್ಲ.

ಇಲ್ಲಿನವರು ಯಾರು, ಹೊರಗಿನವರು ಯಾರು ಎಂಬ ತಕರಾರು ಬೀದರಿಗೆ ಹೊಸದಲ್ಲ. ಗಿಲಾನಿನಿಂದ ಬಂದ ಮಹಮೂದ್ ಗವಾನ್ ಬಹಮನಿ ರಾಜ್ಯಕ್ಕೆ ಕಾಲು ಶತಮಾನ ಸೇವೆ ಸಲ್ಲಿಸಿ, 1472ರಲ್ಲಿ ಮದರಸಾ ಕಟ್ಟಿಸಿದರೂ ದಖನಿ ಸರದಾರರ ಲೆಕ್ಕದಲ್ಲಿ ಪರದೇಶಿ ಆಫಾಖಿಯಾಗಿಯೇ ಉಳಿದ. 1481ರಲ್ಲಿ ತಲೆ ಕಳೆದುಕೊಂಡ. ನಿಜಾಮರ ಕಾಲಕ್ಕೆ ಜಗಳ ಮುಲ್ಕಿ–ಗೈರ್‌ಮುಲ್ಕಿ ಎಂದಾಯಿತು. ಆದರೆ 1919ರ ಮುಲ್ಕಿ ನಿಯಮದಲ್ಲೊಂದು ವಿವೇಕವಿತ್ತು. ಹೊರಗಿನವನು 15 ವರ್ಷ ನೆಲೆಸಿ, ಹಿಂದಿರುಗುವ ಇರಾದೆ ಬಿಟ್ಟಿದ್ದೇನೆಂದು ಪ್ರಮಾಣಪತ್ರ ಕೊಟ್ಟರೆ ಅವನೂ ಮುಲ್ಕಿಯೇ.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಆಕ್ಷನ್ ಆ ವಿವೇಕವನ್ನು ಮರೆಯಿತು. ಬೀದರ್ ಜಿಲ್ಲೆ ಆಗಿನ ಹಿಂಸೆಗೆ ಅತಿ ಹೆಚ್ಚು ತುತ್ತಾದ ನಾಲ್ಕರಲ್ಲೊಂದು. ಅದರ ಹಿಂದೆಯೇ ಹೈದರಾಬಾದ್ ಸಂಸ್ಥಾನದ ಅರಬರನ್ನೂ ಪಠಾಣರನ್ನೂ ಹಿಡಿದು ಗಡೀಪಾರು ಮಾಡುವ ಕೆಲಸ ಶುರುವಾಯಿತು. ಅರಬರು ಸಂತರೇನಲ್ಲ, ಬಡ್ಡಿ ವಸೂಲಿಗೆ ಕಠಾರಿ ಹಿಡಿದು ಬಾಗಿಲಿಗೆ ಕೂರುತ್ತಿದ್ದವರೆಂಬ ಕುಖ್ಯಾತಿ ಅವರಿಗಿತ್ತು. ಆದರೆ ಅವರಲ್ಲಿ ಎಷ್ಟೋ ಜನ ಇಲ್ಲಿನ ತಾಯಂದಿರಿಗೆ ಇಲ್ಲೇ ಹುಟ್ಟಿದವರು, ಪೂರ್ವಿಕರ ನಾಡಾದ ಹದ್ರಮೌತಿನ ಮುಖ ನೋಡದವರು. ಅವರನ್ನು ಇಳಿಸಿಕೊಳ್ಳಲು ಏಡನ್‌ನ ಬ್ರಿಟಿಷ್ ಆಡಳಿತಕ್ಕೂ ಮನಸ್ಸಿರಲಿಲ್ಲ. ಗಡೀಪಾರಿನ ಕಷ್ಟ ಯಾವಾಗಲೂ ಇದೇ: ಇಲ್ಲಿಂದ ದಬ್ಬುವುದು ಸುಲಭ, ಬರಮಾಡಿಕೊಳ್ಳುವ ದಡ ಬೇಕಲ್ಲ.

ಎದುರುವಾದದಲ್ಲಿ ಹುರುಳಿದೆ. ಬಗರ್‌ಹುಕುಂ ರೈತ ಈ ದೇಶದವನು, ಮನೆಯೊಳಗಿನ ಪಾಲು ಕೇಳುತ್ತಿದ್ದಾನೆ. ನುಸುಳಿ ಬಂದವನು ಮನೆಯ ಸದಸ್ಯತ್ವವನ್ನೇ ಕೇಳುತ್ತಾನೆ. ಕಾಗದ ಮಾಡಿಸಿಕೊಂಡು ಸಾಲಿನಲ್ಲಿ ನಿಂತು ಬಂದವನಿಗೆ ಇದರಿಂದ ಅನ್ಯಾಯ. ಒಪ್ಪುತ್ತೇನೆ, ಅರ್ಧ. ಮತ ಹಾಕುವುದು ಬೇರೆ, ವಾಸಿಸುವುದು ಬೇರೆ. ಬೈಲಕುಪ್ಪೆಯ ಟಿಬೆಟಿಯನ್ನರಲ್ಲಿ ಅನೇಕರು ಅರವತ್ತು ವರ್ಷದಿಂದ ನೋಂದಣಿ ಪತ್ರ ನವೀಕರಿಸಿಕೊಂಡೇ ಬದುಕಿದ್ದಾರೆ. ಪೌರರಲ್ಲ, ಆದರೂ ಅವರನ್ನು ಯಾರೂ ಅಟ್ಟುತ್ತಿಲ್ಲ.

ಕಾಲವು ಅಕ್ರಮ ಪ್ರವೇಶವನ್ನು ತೊಳೆಯಬಲ್ಲದು ಎಂಬ ತತ್ವವನ್ನು ದೇಶ ಆಗಲೇ ಒಪ್ಪಿಯಾಗಿದೆ. 1985ರ ಅಸ್ಸಾಂ ಒಪ್ಪಂದ, ಅಸ್ಸಾಂಗೆ ಬಂದವರನ್ನು ಒಪ್ಪಲು 1971ರ ಮಾರ್ಚ್ 24ರ ಗೆರೆ ಎಳೆಯಿತು. ಸುಪ್ರೀಂ ಕೋರ್ಟ್ 2024ರಲ್ಲಿ ಅದನ್ನು ಎತ್ತಿಹಿಡಿಯಿತು. ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) 2014ರ ಡಿಸೆಂಬರ್ 31ರ ಒಳಗೆ ಬಂದವರಿಗೆ 11 ವರ್ಷದ ವಾಸವನ್ನು 5ಕ್ಕೆ ಇಳಿಸಿತು, ಮೂರು ದೇಶಗಳ ಆರು ಸಮುದಾಯಗಳಿಗೆ ಮಾತ್ರ. ವರ್ಷಗಳು ಒಬ್ಬನ ಬೇರನ್ನು ಇಳಿಸಿ, ಇನ್ನೊಬ್ಬನದನ್ನು ಇಳಿಸುವುದಿಲ್ಲ ಅನ್ನುವುದಕ್ಕೆ ಧರ್ಮ ಹೇಗೆ ಕಾರಣವಾದೀತು?

ಎಷ್ಟು ವರ್ಷ? ಹತ್ತು ಸಾಕು ಅನ್ನುತ್ತೇನೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಗೆ, ಬೇರೆ ಜಿಲ್ಲೆಯಿಂದ ಈ ಭಾಗಕ್ಕೆ ಬಂದು ನೆಲೆಸಿದವನನ್ನು ಇಲ್ಲಿನವನೆಂದು ಒಪ್ಪಲು ಕೇಳಿದ್ದೂ 2013ರ ಜನವರಿ 1ಕ್ಕೆ ಹತ್ತು ವರ್ಷದ ವಾಸವನ್ನೇ. ಕ್ರಿಮಿನಲ್ ಶಿಕ್ಷೆಯಾದವನಿಗೆ ಈ ಸವಲತ್ತು ಬೇಡ.

ಆದರೆ ಸಂಖ್ಯೆಗಿಂತ ದೊಡ್ಡ ಪ್ರಶ್ನೆ ರುಜುವಾತಿನದು. ತಾನು ವಿದೇಶಿಯಲ್ಲ ಎಂದು ಆಪಾದಿತನೇ ಸಾಬೀತು ಮಾಡಬೇಕು ಅನ್ನುತ್ತದೆ ನಮ್ಮ ಕಾನೂನು. ಭಾಲ್ಕಿ, ಔರಾದ್ ಕಡೆಯ ಕಾಗದಪತ್ರ ನೋಡಿದವರಿಗೆ ಇದರ ಕಷ್ಟ ಗೊತ್ತು. ಅಜ್ಜನ ಹೊಲದ ದಾಖಲೆ ಉರ್ದುವಿನಲ್ಲಿ. 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದ ಉದಗೀರಿನಲ್ಲಿ ಓದಿದ ಅಪ್ಪನ ಟಿಸಿ ಮರಾಠಿಯಲ್ಲಿ. ಮಗನ ಆಧಾರ್‌ನಲ್ಲಿ ಹೆಸರು ಮೂರನೆಯ ರೀತಿ. ದುಡಿಯಲು ಪುಣೆಗೋ ಮುಂಬೈಗೋ ಹೋದ ತಾಂಡಾದ ಹುಡುಗನನ್ನು ಅಲ್ಲಿ ನಿಲ್ಲಿಸಿ ಕೇಳಿದರೆ ಅವನ ಜೇಬಿನಲ್ಲಿ ಇಷ್ಟೇ ಇರುವುದು. 2025ರಲ್ಲಿ ಮಹಾರಾಷ್ಟ್ರದಲ್ಲಿ ದುಡಿಯುತ್ತಿದ್ದ ಪಶ್ಚಿಮ ಬಂಗಾಳದ ಕೆಲವರನ್ನು ಬಾಂಗ್ಲಾದೇಶದ ಗಡಿಯಾಚೆ ದಬ್ಬಿ, ಭಾರತೀಯರೆಂದು ತಿಳಿದ ಮೇಲೆ ವಾಪಸು ಕರೆತರಬೇಕಾಯಿತು. ಮೊದಲು ದಬ್ಬಿ ಆಮೇಲೆ ವಿಚಾರಿಸಿದ್ದರ ಫಲ ಇದು. ಒಬ್ಬನು ಎಂದು ಬಂದ, ಎಲ್ಲಿಂದ ಬಂದ ಎಂಬುದನ್ನು ತೋರಿಸುವ ಹೊಣೆ ಅವನನ್ನು ಹಿಡಿದ ಇಲಾಖೆಯ ಮೇಲಿರಬೇಕು. ಅದು ತೋರಿಸಲಾರದಾದಾಗ ಆತನನ್ನು ಮನೆಗೆ ಬಿಡಬೇಕು.