ಟಿಕೆಟ್ಟು ಕೊಂಡು ನೋಡುವ ಪ್ರಾರ್ಥನೆ

ಟರ್ಕಿಗೆ ಹೋಗುವವರು ಸಾಮಾನ್ಯವಾಗಿ ಸಮುದ್ರ ಮತ್ತು ಬಿಸಿಲನ್ನು ಹುಡುಕಿಕೊಂಡು ಹೋಗುತ್ತಾರೆ. ಕೊನ್ಯಾದಲ್ಲಿ ಡಿಸೆಂಬರಿನಲ್ಲಿ ಎರಡೂ ಇಲ್ಲ. ಸಾವಿರ ಮೀಟರ್ ಎತ್ತರದ ಅನತೋಲಿಯಾ ಬಯಲಿನಲ್ಲಿ, ಗೋಧಿ ಹೊಲಗಳ ನಡುವೆ ಕೂತ ಊರು ಇದು. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಆದರೂ ಡಿಸೆಂಬರ್ 7ರಿಂದ 17ರವರೆಗೆ ಇಲ್ಲಿ ಜನವೋ ಜನ. 2011ರಿಂದ ಓಡುತ್ತಿರುವ ವೇಗದ ರೈಲು ಅಂಕಾರಾದಿಂದ ಎರಡು ಗಂಟೆಯೊಳಗೆ ತಂದು ಇಳಿಸುತ್ತದೆ. ಶುಕ್ರವಾರ ಸಂಜೆ ಬಂದು ಭಾನುವಾರ ಮರಳುವ ಪ್ರವಾಸಿಯೂ, ವರ್ಷವಿಡೀ ಹಣ ಕೂಡಿಟ್ಟುಕೊಂಡು ಬಂದ ಭಕ್ತರೂ ಒಂದೇ ಬೋಗಿಯಿಂದ ಇಳಿಯುತ್ತಾರೆ. ಇಬ್ಬರೂ ಬಂದಿರುವುದು ಒಂದು ಸಾವಿನ ನೆನಪಿಗೆ.

ಸೂಫಿ ಕವಿ ಜಲಾಲುದ್ದೀನ್ ರೂಮಿ ತೀರಿಕೊಂಡದ್ದು 1273ರ ಡಿಸೆಂಬರ್ 17ರಂದು, ಇದೇ ಊರಿನಲ್ಲಿ. ಇಲ್ಲಿನವರು ಅವನನ್ನು ರೂಮಿ ಎನ್ನುವುದಿಲ್ಲ, ‘ಮೆವ್ಲಾನಾ’ ಎನ್ನುತ್ತಾರೆ. ನಮ್ಮ ಕಿವಿಗೆ ಪರಿಚಯವಿರುವ ‘ಮೌಲಾನಾ’ ಟರ್ಕರ ಬಾಯಲ್ಲಿ ತಿರುಗಿದ ರೂಪ ಅದು. ತೀರಿಕೊಂಡ ಆ ರಾತ್ರಿಗೆ ಅವರಿಟ್ಟ ಹೆಸರು ‘ಶೆಬ್-ಇ ಅರೂಸ್’, ಅಂದರೆ ಮದುವಣಗಿತ್ತಿಯ ಇರುಳು. ಜೀವ ದೇವರನ್ನು ಕೂಡುವುದು ಮದುವೆಯಾದ ಮೇಲೆ ಸಾವಿಗೆ ಅಳುವುದೇಕೆ ಎಂಬುದು ಸೂಫಿಗಳ ಎಣಿಕೆ. ಕನ್ನಡದ ಓದುಗರಿಗೆ ಇದು ದೂರದ ಮಾತಲ್ಲ. ಕಲಬುರಗಿಯ ಬಂದೇನವಾಜ್ ದರ್ಗಾದ ‘ಉರುಸು’ ಕೂಡ ಅದೇ ಅರಬ್ಬಿ ಬೇರಿನ ಶಬ್ದ. ಅದರ ಅರ್ಥ ಮದುವೆ. ಜಾತ್ರೆ ಎಂದುಕೊಂಡು ಉರುಸಿಗೆ ಹೋಗಿ ಬಂದವರೆಲ್ಲ ಗೊತ್ತಿಲ್ಲದೆಯೇ ಒಬ್ಬ ಸಂತನ ಮದುವೆ ಉಂಡು ಬಂದವರು. ಮರಣವನ್ನು ಮಹಾನವಮಿ ಎಂದು ಕರೆದ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಕೊನ್ಯಾದ ಈ ಮದುವೆಗೆ ಟಿಕೆಟ್ಟು ಕೊಳ್ಳಬೇಕು. ಊರಿನ ಮೆವ್ಲಾನಾ ಸಾಂಸ್ಕೃತಿಕ ಕೇಂದ್ರದಲ್ಲಿ, ಸಾವಿರಾರು ಜನ ಕೂರುವ ದುಂಡನೆಯ ಸಭಾಂಗಣದಲ್ಲಿ, ಬಿಳಿಯ ನಿಲುವಂಗಿಯ ‘ಸೆಮಾಜೆನ್’ಗಳು ತಿರುಗುತ್ತಾರೆ. ಮೇಲಿನಿಂದ ದೀಪದ ಬೆಳಕು, ಸುತ್ತಲೂ ಕುರ್ಚಿಗಳ ಸಾಲು, ಕೆಲವೊಮ್ಮೆ ಮುಂದಿನ ಸಾಲಿನಲ್ಲಿ ದೇಶದ ಅಧ್ಯಕ್ಷರು. ತಿರುಗುವವರಲ್ಲಿ ಅನೇಕರು ಸಂಸ್ಕೃತಿ ಸಚಿವಾಲಯದ ಕಲಾ ಮಂಡಳಿಯಿಂದ ಸಂಬಳ ಪಡೆಯುವ ಕಲಾವಿದರು. ಕಾರ್ಯಕ್ರಮದ ಹೆಸರು ಮಾತ್ರ ‘ಸೆಮಾ’, ಅಂದರೆ ಆಲಿಸುವುದು. ಅದು ದೇವರ ನೆನಪಿನ ಒಂದು ಕ್ರಮ. ಹಾಗಾದರೆ ಕೊನೆಗೆ ಚಪ್ಪಾಳೆ ತಟ್ಟಬೇಕೋ ಬೇಡವೋ? ನೋಡುಗರ ಮುಂದೆ, ನಿಗದಿಯಾದ ಗಂಟೆಗೆ, ದುಡ್ಡು ಪಡೆದು ಮಾಡಿದ ಪ್ರಾರ್ಥನೆ ಪ್ರಾರ್ಥನೆಯಾಗಿ ಉಳಿಯುತ್ತದೆಯೆ?

ಹಿಂದೆ ಎಲ್ಲವೂ ಶುದ್ಧವಾಗಿತ್ತು, ಈಗ ಕೆಟ್ಟಿತು ಎಂದು ಹೇಳಿಬಿಡುವುದು ಸುಲಭ. ಇತಿಹಾಸ ಅದಕ್ಕೆ ಒಪ್ಪುವುದಿಲ್ಲ.

ಐತಿಹ್ಯದ ಪ್ರಕಾರ ರೂಮಿ ತಿರುಗತೊಡಗಿದ್ದು ಏಕಾಂತದ ಕೋಣೆಯಲ್ಲಲ್ಲ, ಕೊನ್ಯಾದ ಪೇಟೆಬೀದಿಯಲ್ಲಿ. ಅಕ್ಕಸಾಲಿಗ ಸಲಾಹುದ್ದೀನನ ಅಂಗಡಿಯ ಮುಂದೆ ಹಾದುಹೋಗುವಾಗ ಚಿನ್ನ ಬಡಿಯುವ ಸುತ್ತಿಗೆಯ ಲಯ ಕಿವಿಗೆ ಬಿತ್ತಂತೆ. ಅಲ್ಲೇ, ಸಂತೆಯ ಜನ ನೋಡುತ್ತಿರುವಾಗಲೇ ತಿರುಗತೊಡಗಿದನಂತೆ. ಅಕ್ಕಸಾಲಿಗ ಚಿನ್ನ ಹಾಳಾದರೂ ಸರಿ, ಬಡಿಯುವುದನ್ನು ನಿಲ್ಲಿಸಬೇಡಿ ಎಂದು ಆಳುಗಳಿಗೆ ಹೇಳಿದನಂತೆ. ಕಥೆ ನಿಜವಿರಲಿ ಬಿಡಲಿ, ರೂಮಿಯ ಪಂಥದವರಾದ ಮೆವ್ಲೆವಿಗಳು ತಮ್ಮ ಸೆಮಾದ ಹುಟ್ಟನ್ನು ನೆನೆಯುವಾಗ ಅದರಲ್ಲಿ ನೋಡುಗರನ್ನು ಬಿಟ್ಟಿಲ್ಲ. ಮುಂದೆ ರೂಮಿಯ ಮಗ ಸುಲ್ತಾನ್ ವೆಲೆದ್ ಮತ್ತು ಅವನ ನಂತರದವರು ಆ ಉನ್ಮಾದಕ್ಕೆ ಕ್ರಮ ಕಟ್ಟಿದರು; ಪಂಥ ಬೆಳೆಯಿತು, ಮಠಗಳಲ್ಲಿ ಸೆಮಾಕ್ಕೆಂದೇ ಅಂಗಳಗಳೆದ್ದವು, ಅವುಗಳ ಸುತ್ತ ನೋಡುಗರಿಗೆ ಜಾಗವೂ ಇತ್ತು. ಇಸ್ತಾಂಬುಲಿನ ಗಲಾತಾ ಮಠ ಯುರೋಪಿನ ಪ್ರವಾಸಿಗಳು ತಪ್ಪದೆ ಹೋಗುತ್ತಿದ್ದ ಸ್ಥಳ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಆ ಊರಿನಲ್ಲಿದ್ದ ಚಿತ್ರಕಾರ ವಾನ್‌ಮೂರ್ ತಿರುಗುವ ದರವೇಶಿಗಳನ್ನು ಬಣ್ಣದಲ್ಲಿ ಹಿಡಿದಿದ್ದಾನೆ. ಪ್ರವಾಸಿಯ ಕಣ್ಣು ಇಲ್ಲಿಗೆ ಹೊಸದಾಗಿ ಬಂದದ್ದಲ್ಲ.

ಆಕ್ಷೇಪವೂ ಹೊಸದಲ್ಲ. ಸಂಗೀತ, ಕುಣಿತಗಳಿಂದ ದೇವರನ್ನು ನೆನೆಯಬಹುದೇ ಎಂಬ ಜಗಳ ರೂಮಿ ಹುಟ್ಟುವ ಮೊದಲೇ ಇತ್ತು. ಅವನಿಗಿಂತ ಸುಮಾರು ಒಂದೂವರೆ ಶತಮಾನ ಹಿಂದಿನ ಧರ್ಮಪಂಡಿತ ಗಜಾಲಿ ತನ್ನ ದೊಡ್ಡ ಗ್ರಂಥದ ಒಂದು ಭಾಗವನ್ನೇ ಇದಕ್ಕೆ ಮೀಸಲಿಟ್ಟ. ತಕ್ಕ ಕಾಲ, ತಕ್ಕ ಜಾಗ, ತಕ್ಕ ಜೊತೆಗಾರರು ಇಲ್ಲದಿದ್ದರೆ ಸೆಮಾ ಸಲ್ಲದು ಎಂಬ ಹಿರಿಯ ಸೂಫಿಗಳ ಷರತ್ತನ್ನು ಅವನು ವಿವರಿಸುತ್ತಾನೆ. 1666ರಲ್ಲಿ ಕಟ್ಟಾ ಉಪದೇಶಕರ ಒತ್ತಡಕ್ಕೆ ಮಣಿದು ಆಟೊಮನ್ ದೊರೆತನ ಸೆಮಾವನ್ನು ನಿಷೇಧಿಸಿತು. ತಡೆ ತೆರವಾಗಲು ಹದಿನೆಂಟು ವರ್ಷ ಹಿಡಿಯಿತು.

ಎರಡನೆಯ ತಡೆ ಬಂದದ್ದು ಇನ್ನೊಂದು ದಿಕ್ಕಿನಿಂದ. 1925ರ ಕೊನೆಯಲ್ಲಿ ಟರ್ಕಿಯ ಹೊಸ ಗಣರಾಜ್ಯ 677ನೆಯ ಸಂಖ್ಯೆಯ ಕಾನೂನು ತಂದು ಎಲ್ಲ ಸೂಫಿ ಮಠಗಳನ್ನು ಮುಚ್ಚಿತು. ಶೇಖ್, ದರವೇಶಿ, ಚೆಲೆಬಿ ಮುಂತಾದ ಬಿರುದುಗಳೂ ಉಡುಪೂ ಅಪರಾಧವಾದವು. ಕೊನ್ಯಾದ ಮೂಲಮಠ 1927ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಸುಮಾರು ಕಾಲು ಶತಮಾನದ ಮೌನದ ನಂತರ, 1950ರ ದಶಕದ ಮೊದಲಲ್ಲಿ, ಸೆಮಾ ಕೊನ್ಯಾಕ್ಕೆ ಮರಳಿತು. ಮರಳಿದ್ದು ಕವಿಯೊಬ್ಬನ ಸ್ಮರಣೆಯ ಸಾಂಸ್ಕೃತಿಕ ಕಾರ್ಯಕ್ರಮವಾಗಿ. ಮುಂದೆ ದಶಕಗಳ ಕಾಲ ಅದು ನಡೆದದ್ದು ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ. ಈಗಿನ ಸಾಂಸ್ಕೃತಿಕ ಕೇಂದ್ರ ತೆರೆದದ್ದು 2004ರಲ್ಲಿ. 1925ರ ಕಾನೂನು ಇಂದಿಗೂ ಪುಸ್ತಕದಲ್ಲಿದೆ. ಅಂದರೆ ಡಿಸೆಂಬರಿನ ಆ ರಾತ್ರಿ ಕೊನ್ಯಾದಲ್ಲಿ ಕಾನೂನಿನ ಕಣ್ಣಿಗೆ ಒಬ್ಬ ದರವೇಶಿಯೂ ಇರುವುದಿಲ್ಲ. ಇರುವವರು ಕಲಾವಿದರು ಮತ್ತು ಪ್ರೇಕ್ಷಕರು. ಟಿಕೆಟ್ಟಿನಿಂದಾಗಿ ಸೆಮಾ ಪ್ರದರ್ಶನವಾಯಿತು ಎಂದು ಬೇಸರಪಡುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು. ಪ್ರದರ್ಶನ ಎಂಬ ಹೆಸರು ಹೊತ್ತದ್ದರಿಂದಲೇ ಅದು ಮತ್ತೆ ಬೆಳಕಿಗೆ ಬಂದದ್ದು.

ಹಾಗಾದರೆ ಕಳೆದುಹೋದದ್ದೇನು? ಅದರ ಸುಳಿವು ಸಿಗುವುದು ಸಭಾಂಗಣದಲ್ಲಲ್ಲ, ಶನಿವಾರ ಬೆಳಿಗ್ಗೆ ಪ್ರವಾಸಿ ಹೊಗುವ ಹಳೆಯ ಮಠದಲ್ಲಿ.

ಪಚ್ಚೆನೀಲಿ ಹೆಂಚಿನ ಶಂಕುವಿನಾಕಾರದ ಗೋಪುರ ದೂರದಿಂದಲೇ ಕಾಣುತ್ತದೆ. ಈಗ ಪ್ರವೇಶ ಶುಲ್ಕವಿಲ್ಲ. ಬಾಗಿಲಲ್ಲಿ ಶೂಗಳ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ನಡೆದರೆ ಕಸೂತಿಯ ಬಟ್ಟೆ ಹೊದ್ದ ಗೋರಿಗಳ ಸಾಲು. ರೂಮಿಯ ಗೋರಿಯ ಪಕ್ಕದಲ್ಲಿ ತಂದೆಯದು. ಅದರ ಮೇಲಿನ ಎತ್ತರದ ಮರದ ಪೆಟ್ಟಿಗೆ ಎದ್ದು ನಿಂತಂತಿದೆ. ಮಗನನ್ನು ತಂದಾಗ ಅಪ್ಪ ಗೌರವದಿಂದ ಎದ್ದ ಎನ್ನುತ್ತಾರೆ ಭಕ್ತರು. ಮೊದಲು ರೂಮಿಯ ಗೋರಿಯ ಮೇಲಿದ್ದ ಪೆಟ್ಟಿಗೆಯನ್ನು ಹದಿನಾರನೆಯ ಶತಮಾನದಲ್ಲಿ ತಂದೆಯ ಗೋರಿಗೆ ಸಾಗಿಸಿದರು ಎನ್ನುತ್ತಾರೆ ಇತಿಹಾಸಕಾರರು. ಫಲಕ ಓದುತ್ತಿರುವ ಪ್ರವಾಸಿಯ ಪಕ್ಕದಲ್ಲೇ ಹೆಂಗಸೊಬ್ಬಳು ಎರಡು ಕೈ ಬಿಡಿಸಿ ತುಟಿ ಅಲ್ಲಾಡಿಸುತ್ತಿರುತ್ತಾಳೆ. ಕಾವಲುಗಾರರು ಇಬ್ಬರನ್ನೂ ತಡೆಯುವುದಿಲ್ಲ. ಸಂಗ್ರಹಾಲಯ ಯಾವುದು, ದರ್ಗಾ ಯಾವುದು ಎಂಬ ಗೆರೆ ಇಲ್ಲಿ ನೆಲದ ಮೇಲೆ ಬಿದ್ದಿಲ್ಲ.

ಹೆಚ್ಚಿನವರು ಬೇಗ ದಾಟಿಹೋಗುವ ಜಾಗವೊಂದಿದೆ: ಅಂಗಳದಾಚೆಯ ಅಡುಗೆಮನೆ. ದೊಡ್ಡ ಒಲೆ, ಕೊಪ್ಪರಿಗೆಗಳು, ಹಳೆಯ ದಿನಚರಿಯನ್ನು ತೋರಿಸಲು ನಿಲ್ಲಿಸಿದ ಆಳೆತ್ತರದ ಗೊಂಬೆಗಳು. ಮೆವ್ಲೆವಿ ಪಂಥಕ್ಕೆ ಇದೇ ಪಾಠಶಾಲೆ. ದರವೇಶಿಯಾಗಬೇಕೆಂದು ಬಂದವನನ್ನು ಮೊದಲು ಬಾಗಿಲ ಬಳಿ ಕುರಿದೊಗಲಿನ ಮೇಲೆ ಮೂರು ದಿನ ಕೂರಿಸುತ್ತಿದ್ದರು. ಮಾತಾಡುವಂತಿಲ್ಲ, ನೋಡುತ್ತಿರಬೇಕು ಅಷ್ಟೆ. ಇಲ್ಲಿ ನೋಡುಗ ಅವನು, ನೋಡುವ ಕೆಲಸವೇ ಮೊದಲ ಪಾಠ. ಮನಸ್ಸು ನಿಂತರೆ 1001 ದಿನಗಳ ಸೇವೆ: ಸೌದೆ, ನೀರು, ಪಾತ್ರೆ, ಸಂತೆ, ಶೌಚಾಲಯದ ಶುಚಿ. ನಡುವೆ ಬಿಟ್ಟು ಹೋದವನು ಮತ್ತೆ ಮೊದಲಿನಿಂದ ಎಣಿಸಬೇಕು. ಹೊಸಬರ ಗುರು ಮಠದ ಹಿರಿಯ ಅಡುಗೆಯವನೇ. ತಿರುಗುವ ಅಭ್ಯಾಸವೂ ಇಲ್ಲಿಯೇ, ನಡುವೆ ಮೊಳೆ ಹೊಡೆದ ಮರದ ಹಲಗೆಯ ಮೇಲೆ. ಎಡಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಗೆ ಮೊಳೆ ಸಿಕ್ಕಿಸಿಕೊಂಡು, ಹಲಗೆಗೆ ಉಪ್ಪು ಉದುರಿಸಿಕೊಂಡು, ಬಲಗಾಲಿನಿಂದ ತಿರುಗಬೇಕು. ಎಡಗಾಲು ಕಂಬ, ಬಲಗಾಲು ಚಕ್ರ.

ಸೆಮಾ 2008ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರಿಗಾಗಿ ಮೊಟಕಾದ, ಸರಳವಾದ ಪ್ರದರ್ಶನಗಳು ಹೆಚ್ಚಿವೆ ಎಂಬ ಆತಂಕವನ್ನು ಆ ಸಂಸ್ಥೆಯ ವಿವರಣೆಯೇ ಹೇಳುತ್ತದೆ. ಅದು ಸುಳ್ಳಲ್ಲ. ಆದರೆ ಗಂಟೆ ಕಡಿಮೆಯಾದದ್ದಕ್ಕಿಂತ ದೊಡ್ಡ ನಷ್ಟ ದಿನಗಳದ್ದು. ತಿರುಗುವುದನ್ನು ಇಂದು ತರಗತಿಯಲ್ಲಿ ಕಲಿಯಬಹುದು. ಪಾತ್ರೆ ತೊಳೆಯುತ್ತ ಕಳೆದ 1001 ದಿನಗಳನ್ನು ಯಾವ ತರಗತಿಯೂ ಕೊಡುವುದಿಲ್ಲ. ಸೆಮಾ ಆ ದಿನಗಳ ಫಲವಾಗಿತ್ತು. ಈಗ ನಮಗೆ ಕಾಣುವುದು ಗಿಡವಿಲ್ಲದ ಹಣ್ಣು. ನೋಡುಗರು ಹೆಚ್ಚಾದದ್ದು ಸೆಮಾವನ್ನು ಅಷ್ಟು ಬಡವಾಗಿಸಲಿಲ್ಲ, ಅಡುಗೆಮನೆ ಮುಚ್ಚಿದ್ದು ಬಡವಾಗಿಸಿತು.

ಊಟದ ಹೊತ್ತಿಗೆ ಈ ಯೋಚನೆ ತುಸು ತಣ್ಣಗಾಗುತ್ತದೆ. ಕೊನ್ಯಾದ ಹೋಟೆಲಿನಲ್ಲಿ ಕೈಮೊಳದುದ್ದದ ‘ಎತ್ಲಿ ಎಕ್ಮೆಕ್’, ಅಂದರೆ ಖೀಮಾ ಹರಡಿ ಸುಟ್ಟ ತೆಳು ರೊಟ್ಟಿ, ಹಲಗೆಯ ಮೇಲೆ ಬರುತ್ತದೆ. ಅದಕ್ಕೂ ಮುಂಚೆ ಬರುವ ಹುಳಿ ಸಾರಿನ ಬಟ್ಟಲು ಕನ್ನಡದವರನ್ನು ಬೆರಗುಗೊಳಿಸುತ್ತದೆ. ಅದು ಬೆಂಡೆಕಾಯಿಯ ಸಾರು. ಕಿರುಬೆರಳಿನ ಉಗುರಿನಷ್ಟಿರುವ ಎಳೆ ಬೆಂಡೆಯನ್ನು ದಾರಕ್ಕೆ ಪೋಣಿಸಿ ಒಣಗಿಸಿಟ್ಟು ಚಳಿಗಾಲಕ್ಕೆ ಬಳಸುತ್ತಾರೆ. ಕೊನ್ಯಾದ ಮದುವೆಯೂಟದಲ್ಲಿ ಇದು ಇರಲೇಬೇಕು. ಶೆಬ್-ಇ ಅರೂಸಿಗೆ ಬಂದವನ ಎಲೆಗೆ ಮದುವೆಯ ಸಾರೇ ಬಿದ್ದಂತಾಯಿತು.

ಸಂಜೆ ಸಭಾಂಗಣ ತುಂಬುತ್ತದೆ. ಮೊದಲು ಪ್ರವಾದಿಯ ಸ್ತುತಿ, ಆಮೇಲೆ ನಗಾರಿಯ ಪೆಟ್ಟು, ಆಮೇಲೆ ‘ನೆಯ್’ ಎಂಬ ಜೊಂಡಿನ ಕೊಳಲು. ಸೆಮಾಜೆನ್‌ಗಳು ಅಂಗಳವನ್ನು ಮೂರು ಸುತ್ತು ನಿಧಾನವಾಗಿ ನಡೆಯುತ್ತಾರೆ. ತಲೆಯ ಮೇಲಿನ ಉದ್ದನೆಯ ಉಣ್ಣೆಯ ಟೋಪಿ ಗೋರಿಕಲ್ಲು, ಕಪ್ಪು ಮೇಲುಹೊದಿಕೆ ಮಣ್ಣು, ಒಳಗಿನ ಬಿಳಿ ನಿಲುವಂಗಿ ಕಫನ. ಕಪ್ಪನ್ನು ಕಳಚಿ ತಿರುಗತೊಡಗುವುದೆಂದರೆ ಗೋರಿಯಿಂದ ಎದ್ದು ಬಂದಂತೆ. ಬಲ ಅಂಗೈ ಮೇಲಕ್ಕೆ, ಎಡ ಅಂಗೈ ಕೆಳಕ್ಕೆ: ಮೇಲಿನಿಂದ ಬಂದದ್ದನ್ನು ತನ್ನಲ್ಲಿ ಇಟ್ಟುಕೊಳ್ಳದೆ ನೆಲಕ್ಕೆ ದಾಟಿಸುವುದು. ನಾಲ್ಕು ಸುತ್ತಿನ ತಿರುಗಾಟ ಮುಗಿದ ಮೇಲೆ ಕುರಾನ್ ಪಠಣ, ಪ್ರಾರ್ಥನೆ, ನೀಳವಾದ ‘ಹೂ’ಕಾರ. ಚಪ್ಪಾಳೆ ಬೇಡವೆಂಬ ಕೋರಿಕೆ ಸಾಮಾನ್ಯ. ಆದರೂ ಒಂದೆರಡು ಕೈಗಳು ತಟ್ಟಿ ನಡುವೆಯೇ ನಿಂತುಬಿಡುತ್ತವೆ, ಫೋನುಗಳು ಮಾತ್ರ ಎತ್ತಿದಂತೆಯೇ ಇರುತ್ತವೆ.

ಬೆಳಿಗ್ಗೆ ಅಡುಗೆಮನೆ ನೋಡಿ ಬಂದವನು ಇನ್ನೊಂದನ್ನು ಗಮನಿಸಬಹುದು. ತಿರುಗುವ ಮೊದಲು, ಎರಡು ತೋಳು ಎದೆಗೆ ಅಡ್ಡ ಕಟ್ಟಿ ನಿಂತಾಗ, ಸೆಮಾಜೆನ್‌ಗಳು ಬಲಗಾಲಿನ ಹೆಬ್ಬೆರಳನ್ನು ಎಡಗಾಲಿನ ಹೆಬ್ಬೆರಳ ಮೇಲಿಟ್ಟಿರುತ್ತಾರೆ. ಅದರ ಹಿಂದೆ ರೂಮಿಯ ಅಡುಗೆಯವನ ಕಥೆಯಿದೆ. ಆತೆಶ್‌ಬಾಜ್ ವೆಲಿ ಎಂದು ಹೆಸರಾದ ಅವನು ಒಂದು ದಿನ ಸೌದೆ ಮುಗಿಯಿತೆಂದು ಬಂದು ಹೇಳಿದನಂತೆ. ಕೊಪ್ಪರಿಗೆಯ ಕೆಳಗೆ ನಿನ್ನ ಕಾಲಿಡು ಎಂದನಂತೆ ರೂಮಿ. ಇಟ್ಟ, ಬೆರಳುಗಳಿಂದ ಉರಿ ಎದ್ದು ಅಡುಗೆ ಬೆಂದಿತು. ಆದರೆ ನಡುವೆ ಒಂದು ಕ್ಷಣ ಅನುಮಾನ ಹುಟ್ಟಿ ಎಡ ಹೆಬ್ಬೆರಳು ಸುಟ್ಟಿತು. ಗುರುವಿನ ಮುಂದೆ ನಾಚಿ ಬಲ ಹೆಬ್ಬೆರಳಿಂದ ಗಾಯವನ್ನು ಮುಚ್ಚಿಕೊಂಡ. ‘ಕಾಲಿಗೆ ಮುದ್ರೆ ಹಾಕುವುದು’ ಎಂದು ಇಂದಿಗೂ ಕರೆಯುವ ಆ ಭಂಗಿ ಒಬ್ಬ ಅಡುಗೆಯವನ ಸಂಶಯದ ಗುರುತು. ಸಂಬಳದ ಕಲಾವಿದನೂ ಅದನ್ನು ಮಾಡದೆ ಸೆಮಾಕ್ಕೆ ಇಳಿಯುವುದಿಲ್ಲ. ಅವನ ಮನಸ್ಸಿನಲ್ಲಿ ಆ ಹೊತ್ತು ದೇವರಿದ್ದಾನೋ ತಿಂಗಳ ಕೊನೆಯ ಲೆಕ್ಕವಿದೆಯೋ ಕುರ್ಚಿಯಲ್ಲಿ ಕೂತವನಿಗೆ ಕಾಣದು. ಹಳೆಯ ಮಠದ ಅಂಗಳದಲ್ಲಿ ಕೂತಿದ್ದವನಿಗೂ ಅದು ಕಾಣುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಊರಿನ ಪಶ್ಚಿಮದ ಮೆರಾಮ್ ಕಡೆಗೆ ಹೋದರೆ ಆ ಅಡುಗೆಯವನ ಗೋರಿಯಿದೆ. ಅವನು ತೀರಿಕೊಂಡದ್ದು 1285ರಲ್ಲಿ, ಗುರುವಿನ ಹನ್ನೆರಡು ವರ್ಷಗಳ ನಂತರ. ಕೆಂಗಲ್ಲಿನ ಸಣ್ಣ ಕಟ್ಟಡ. ಮೂಲಮಠದ ಜನಜಂಗುಳಿ ಇಲ್ಲಿಲ್ಲ. ಮನೆಯ ಅಡುಗೆಗೆ ಬರಕತ್ತು ಬರಲೆಂದು ಇಲ್ಲಿಂದ ಚಿಟಿಕೆ ಉಪ್ಪು ಕೊಂಡೊಯ್ಯುವುದು ವಾಡಿಕೆ. ಬಾಣಸಿಗರು, ಗೃಹಿಣಿಯರು, ಕುತೂಹಲಕ್ಕೆ ಬಂದವರು, ಎಲ್ಲರೂ ಒಯ್ಯುತ್ತಾರೆ.

ಮಧ್ಯಾಹ್ನದ ರೈಲು ಬಯಲಿಗೆ ಬೀಳುವಾಗ ಹೊಲಗಳ ಮೇಲೆ ಇಬ್ಬನಿ ಇನ್ನೂ ಬೆಳ್ಳಗಿರುತ್ತದೆ. ಕೈ ಬೆಚ್ಚಗಾಗಲೆಂದು ಪ್ರವಾಸಿ ಕೋಟಿನ ಜೇಬಿಗೆ ತೂರಿಸಿದರೆ ನಿನ್ನೆಯ ಟಿಕೆಟ್ಟಿನ ತುಂಡು ಸಿಗುತ್ತದೆ, ಅದರ ಜೊತೆಗೆ ಕಾಗದದಲ್ಲಿ ಮಡಿಸಿದ ಉಪ್ಪಿನ ಪೊಟ್ಟಣ.