ಸೆನ್ಸರಿಗೆ ಸಾಕ್ಷಿ ಯಾರು?

ಕಾರಿನ ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರು ತೊಳೆಯುವುದು ದೊಡ್ಡ ವಿದ್ಯೆಯೇನಲ್ಲ. ಅದು ಸುಳ್ಳು ಹೇಳುತ್ತಿದೆಯೆಂದು ಗೊತ್ತುಮಾಡಿಕೊಳ್ಳುವುದೇ ಕಷ್ಟ. ಉಡುಪಿಯ ನನ್ನ ಗ್ಯಾರೇಜಿಗೆ ಹಳೇ ಪೆಟ್ರೋಲ್ ಕಾರು ತರುವ ನಿವೃತ್ತ ಸಂಸ್ಕೃತ ಮೇಷ್ಟ್ರಿಗೂ ನನಗೂ ಈ ವಿಷಯದಲ್ಲಿ ವಾದ ನಡೆದೇ ಇದೆ.

ಏರ್ ಫಿಲ್ಟರ್ ದಾಟಿ ಬರುವ ಗಾಳಿಯ ದಾರಿಯಲ್ಲಿ ಈ ಸೆನ್ಸರಿನ ತೆಳ್ಳನೆಯ ಪ್ಲಾಟಿನಂ ತಂತಿಯೊಂದಿರುತ್ತದೆ. ಕರೆಂಟು ಅದನ್ನು ಸದಾ ಬಿಸಿಯಾಗಿಡುತ್ತದೆ. ಗಾಳಿ ಹೆಚ್ಚಾದಷ್ಟೂ ತಂತಿ ತಣಿಯುತ್ತದೆ, ಬಿಸಿ ಉಳಿಸಿಕೊಳ್ಳಲು ಇನ್ನಷ್ಟು ಕರೆಂಟು ಬೇಕು. ಆ ಕರೆಂಟೇ ಗಾಳಿಯ ತೂಕದ ಲೆಕ್ಕ. ಅದನ್ನು ನಂಬಿ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರು, 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲು ಬಿಡುತ್ತದೆ. ತಂತಿಗೆ ಧೂಳು, ಎಣ್ಣೆಜಿಡ್ಡು ಮೆತ್ತಿದರೆ ಗಾಳಿ ನೇರ ತಾಗುವುದಿಲ್ಲ. ಒಳಗೆ ಹೋದದ್ದಕ್ಕಿಂತ ಕಮ್ಮಿ ಗಾಳಿಯ ವರದಿ ಹೋಗುತ್ತದೆ, ಪೆಟ್ರೋಲೂ ಕಮ್ಮಿಯಾಗುತ್ತದೆ. ಆಗುಂಬೆ ಘಾಟಿಯಲ್ಲಿ ಗಾಡಿ ಎಳೆಯುವುದಿಲ್ಲ.

ಮೇಷ್ಟ್ರು ಮಧ್ವಮತದವರು. ಜ್ಞಾನ ಸ್ವತಃ ಪ್ರಮಾಣ, ಅಂದರೆ ತನ್ನಷ್ಟಕ್ಕೇ ನಿಜ; ಅಪ್ರಾಮಾಣ್ಯ, ಅಂದರೆ ಸುಳ್ಳಾಗುವುದು, ಮಾತ್ರ ಹೊರಗಿನ ದೋಷದಿಂದ ಬರುವಂಥದ್ದು ಎಂಬುದು ಅವರ ಪಕ್ಷ. ತೊಳೆಯುವ ಕೆಲಸ ಅವರ ಮಾತಿಗೇ ಒಪ್ಪುತ್ತದೆ. ಇಗ್ನಿಷನ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಸೆನ್ಸರಿಗೆಂದೇ ಬರುವ ಕ್ಲೀನರನ್ನು ತಂತಿಗೆ ಸಿಂಪಡಿಸಬೇಕು. ಬೆರಳು, ಬಟ್ಟೆ, ಬ್ರಷ್ ಯಾವುದೂ ತಾಗಬಾರದು. ಕಾರ್ಬ್ಯುರೇಟರ್ ಕ್ಲೀನರ್ ಬೇಡವೇ ಬೇಡ. ಪೂರ್ತಿ ಒಣಗಿದ ಮೇಲೆ ಕೂರಿಸಿದರಾಯಿತು. "ನೋಡಿದಿರಾ? ನೀವು ಏನನ್ನೂ ಸೇರಿಸಲಿಲ್ಲ, ದೋಷ ತೆಗೆದಿರಿ ಅಷ್ಟೆ" ಅನ್ನುತ್ತಾರೆ.

ನನ್ನ ತಕರಾರು ಅದಕ್ಕೂ ಮೊದಲಿನದು. ಸ್ಕ್ಯಾನರಿನಲ್ಲಿ ಪಿ0171 ಎಂದು ಬಂದರೆ ಮಿಶ್ರಣದಲ್ಲಿ ಪೆಟ್ರೋಲು ಸಾಲದು ಎಂದಷ್ಟೇ ಅರ್ಥ, ತಪ್ಪು ಯಾರದೆಂದಲ್ಲ. ಸೈಲೆನ್ಸರ್ ದಾರಿಯ ಆಕ್ಸಿಜನ್ ಸೆನ್ಸರು ಹೇಳಿದ್ದನ್ನು ಕೇಳಿ ಇಸಿಎಂ ಪೆಟ್ರೋಲು ಏರಿಸುತ್ತಾ ಹೋಗಿರುತ್ತದೆ. ಆ ಏರಿಕೆ ಐಡ್ಲಿಂಗಿನಲ್ಲಿ ಜಾಸ್ತಿ ಇದ್ದು ಆರ್‌ಪಿಎಂ ಏರಿದಂತೆ ಇಳಿದರೆ, ಎಲ್ಲೋ ರಬ್ಬರ್ ಹೋಸು ಸೀಳಿ ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿರುತ್ತದೆ. ಅಲ್ಲಿ ಸೆನ್ಸರು ನಿರಪರಾಧಿ. ಲೋಡು ಬಿದ್ದಾಗ ಏರಿಕೆ ಹೆಚ್ಚಿದರೆ ಅನುಮಾನ ತಂತಿಯ ಮೇಲೆ. ಅಂದರೆ ತಂತಿಯ ಸತ್ಯ ತಂತಿಯಿಂದ ತಿಳಿಯುವುದಿಲ್ಲ, ಹೊರಗಿನಿಂದಲೇ ತಿಳಿಯಬೇಕು. ನ್ಯಾಯದರ್ಶನದವರಾದ ನೈಯಾಯಿಕರು ಪರತಃ ಪ್ರಾಮಾಣ್ಯ ಎಂದದ್ದು ಇದನ್ನೇ ಅಲ್ಲವೇ?

ಮೇಷ್ಟ್ರು ಬಿಡುವುದಿಲ್ಲ. "ಆಕ್ಸಿಜನ್ ಸೆನ್ಸರನ್ನು ಪರೀಕ್ಷಿಸುವವರು ಯಾರು? ಆ ಪರೀಕ್ಷೆಯನ್ನು ಪರೀಕ್ಷಿಸುವವರು? ಹೀಗೆ ಕೊನೆಯೇ ಇಲ್ಲದೆ ಹೋಗುವುದಕ್ಕೆ ಅನವಸ್ಥೆ ಅನ್ನುತ್ತಾರೆ. ಅದಕ್ಕೇ ಜ್ಞಾನ ನಿಜವೆಂದು ತಾನೇ ಅರಿಯುವ ಸಾಕ್ಷಿಯೊಬ್ಬ ಒಳಗೆ ಬೇಕು." ಘಾಟಿ ಹತ್ತಿಸಿ ನೋಡುತ್ತೇನೆ ಅಂದರೆ, "ಎಳೆಯಿತು ಎಂದು ನಿಮಗೆ ಅನಿಸಿತಲ್ಲ, ಅದನ್ನು ಒಪ್ಪಿದವನು ಯಾರು?" ಎಂದು ಮರುಪ್ರಶ್ನೆ.

ಇಲ್ಲಿ ನನಗೆ ಉತ್ತರವಿಲ್ಲ. ಇನ್ನೊಂದು ಮೀಟರು ತಂದಷ್ಟಕ್ಕೆ ಪ್ರಶ್ನೆ ಮುಗಿಯುವುದಿಲ್ಲ, ಎಲ್ಲೋ ಒಂದು ಕಡೆ ನಂಬಿ ನಿಲ್ಲಲೇಬೇಕು. ಆದರೆ ಎಲ್ಲಿ ನಿಲ್ಲಬೇಕು ಎನ್ನುವುದು ಮುಖ್ಯ. ಸಾಕ್ಷಿ ಎಂದರೆ ಸುಪ್ರೀಂ ಕೋರ್ಟು, ಪ್ರತಿ ಕೇಸನ್ನೂ ನೇರ ಅಲ್ಲಿಗೇ ಒಯ್ಯಬಾರದು. ಸಂಶಯ ಬಂದಲ್ಲಿ ಪರೀಕ್ಷೆ ಬೇಕು ಎಂಬುದನ್ನು ಮಧ್ವಮತವೂ ಒಪ್ಪುತ್ತದೆ ಎಂದು ಮೇಷ್ಟ್ರೇ ಹೇಳುತ್ತಾರೆ. ಹಾಗಾದರೆ ಹೊಸ ಸೆನ್ಸರಿಗೆ ದುಡ್ಡು ಸುರಿಯುವ ಮೊದಲು ಹೋಸು ತಡಕಿ ನೋಡುವುದೂ ಸಿದ್ಧಾಂತವೇ.