ಗೌರವ ಕೂಲಿಯಲ್ಲ

ಸಂಜೆ ನೀರು ಇಳಿದ ಹೊತ್ತಿನಲ್ಲಿ ಧಾರೇಶ್ವರದ ಕಡಲ ತೀರದ ಹಸಿ ಮರಳು ಹುಡುಗರ ಮೈದಾನವಾಗುತ್ತದೆ. ಎರಡು ಜೊತೆ ಚಪ್ಪಲಿ ಇಟ್ಟರೆ ಗೋಲು ಸಿದ್ಧ. ಯಾವ ಕೇರಿಯವನು, ಯಾರ ಮಗ ಎಂದು ಚೆಂಡು ಕೇಳುವುದಿಲ್ಲ. ಅದನ್ನು ನೋಡುತ್ತಾ ನಿಂತ ನಾವು ದೊಡ್ಡವರು, ಆಟಕ್ಕೆ ಜಾತಿಯಿಲ್ಲ, ಧರ್ಮವಿಲ್ಲ, ಬಣ್ಣವಿಲ್ಲ ಎಂದು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಚೆಂಡಿನ ಮಟ್ಟಿಗೆ ಇದು ನಿಜ. ಸುತ್ತ ನಿಂತು ನೋಡುವವರ ಮಟ್ಟಿಗೂ ನಿಜವೇ? ನೂರು ವರ್ಷಗಳ ಹಿಂದೆ ಬದುಕಿದ್ದ ಇಂಗ್ಲೆಂಡಿನ ಒಬ್ಬ ಆಟಗಾರನ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಆತನ ಹೆಸರು ವಾಲ್ಟರ್ ಟಲ್. 1888ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟೋನ್ ಎಂಬ ಕಡಲೂರಿನಲ್ಲಿ ಹುಟ್ಟಿದ. ತಂದೆ ಬಾರ್ಬಡೋಸ್ ದ್ವೀಪದಿಂದ ಬಂದ ಕರಿಯ ಬಡಗಿ, ತಾಯಿ ಅಲ್ಲಿಯ ಬಿಳಿಯ ಹೆಂಗಸು. ಅಜ್ಜ ಗುಲಾಮನಾಗಿದ್ದವನು. ಒಂಬತ್ತು ತುಂಬಿ ಹತ್ತಕ್ಕೆ ಬೀಳುವ ಮೊದಲೇ ಹುಡುಗ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ಅಣ್ಣ ಎಡ್ವರ್ಡ್‌ನೊಂದಿಗೆ ಲಂಡನ್ನಿನ ಅನಾಥಾಲಯ ಸೇರಿದ. ಎಡ್ವರ್ಡ್‌ನನ್ನು ಗ್ಲಾಸ್ಗೋದ ಒಂದು ಕುಟುಂಬ ದತ್ತು ತೆಗೆದುಕೊಂಡಿತು. ವಾಲ್ಟರ್ ಮುದ್ರಣದ ಕೆಲಸ ಕಲಿತ, ಜೊತೆಗೆ ಫುಟ್‌ಬಾಲ್ ಆಡಿದ. 1909ರಲ್ಲಿ ಪ್ರಸಿದ್ಧ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡ ಅವನನ್ನು ಸಂಬಳ ಕೊಟ್ಟು ಸೇರಿಸಿಕೊಂಡಿತು. ವೃತ್ತಿಪರ ಫುಟ್‌ಬಾಲ್ ಇನ್ನೂ ಎಳೆಯದಾಗಿದ್ದ ಆ ಕಾಲದಲ್ಲಿ ಕರಿಯ ಆಟಗಾರರು ಬೆರಳೆಣಿಕೆಯಷ್ಟಿದ್ದರು.

ಅದೇ ವರ್ಷ ಅಕ್ಟೋಬರಿನಲ್ಲಿ ಬ್ರಿಸ್ಟಲ್‌ನಲ್ಲಿ ಪಂದ್ಯ. ಪ್ರೇಕ್ಷಕರ ಒಂದು ಗುಂಪು ಅವನ ಬಣ್ಣವನ್ನು ಹಿಡಿದು ಬಾಯಿಗೆ ಬಂದಂತೆ ಬೈಯಿತು. ಅಂದಿನ ಪತ್ರಿಕೆಯೇ ನಾಚಿಕೊಂಡು ಬರೆಯುವಷ್ಟು ಆ ಮಾತು ಕೀಳಾಗಿತ್ತು. ಅದಾದ ಮೇಲೆ ದೊಡ್ಡ ತಂಡದಲ್ಲಿ ಅವನಿಗೆ ಅವಕಾಶ ಕಡಿಮೆಯಾಗುತ್ತಾ ಹೋಯಿತು. 1911ರಲ್ಲಿ ನಾರ್ಥಾಂಪ್ಟನ್ ಎಂಬ ಸಣ್ಣ ಊರಿನ ತಂಡಕ್ಕೆ ಹೋದ, ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಆಡಿದ.

1914ರಲ್ಲಿ ಮಹಾಯುದ್ಧ ಬಂತು. ಆ ಡಿಸೆಂಬರಿನಲ್ಲಿ ಟಲ್, ಆಟಗಾರರಿಗೆಂದೇ ಕಟ್ಟಿದ ಮಿಡಲ್‌ಸೆಕ್ಸ್ ರೆಜಿಮೆಂಟಿನ ಪಡೆ ಸೇರಿದ. 1916ರಲ್ಲಿ ಸೋಮ್ ಕದನದಲ್ಲಿದ್ದ. ಶುದ್ಧ ಐರೋಪ್ಯ ಮೂಲದವರಿಗಷ್ಟೇ ಅಧಿಕಾರಿ ಹುದ್ದೆ ಎಂಬುದು ಅಂದಿನ ಸೇನೆಯ ಕಟ್ಟಳೆ. ಆದರೂ 1917ರ ಮೇ ತಿಂಗಳಲ್ಲಿ ಅವನು ಸೆಕೆಂಡ್ ಲೆಫ್ಟಿನೆಂಟ್ ಆದ. ಇಟಲಿಯಲ್ಲಿ ಪಿಯಾವೆ ನದಿ ದಾಟಿ 26 ಮಂದಿಯನ್ನು ಶತ್ರುವಿನ ನೆಲಕ್ಕೆ ಕರೆದೊಯ್ದು, ಒಬ್ಬನನ್ನೂ ಕಳೆದುಕೊಳ್ಳದೆ ಹಿಂದಕ್ಕೆ ತಂದ. 1918ರ ಮಾರ್ಚ್ 25ರಂದು ಫ್ರಾನ್ಸಿನಲ್ಲಿ ಗುಂಡಿಗೆ ಬಲಿಯಾದ. ವಯಸ್ಸು 29. ಜೊತೆಗಾರರು ಹೆಣ ಹೊತ್ತು ತರಲು ಯತ್ನಿಸಿದರೂ ಆಗಲಿಲ್ಲ. ಅವನಿಗೆ ಗೋರಿಯಿಲ್ಲ, ಅರಾಸ್ ಸ್ಮಾರಕದ ಗೋಡೆಯ ಮೇಲೆ ಹೆಸರಿದೆ. 1999ರಲ್ಲಿ ನಾರ್ಥಾಂಪ್ಟನ್‌ನ ಕ್ರೀಡಾಂಗಣದ ಬಳಿಯೂ ಅವನಿಗೊಂದು ಸ್ಮಾರಕ ಎದ್ದಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಮುಗಿಸುವ ಬಗೆ ಒಂದೇ: ಬೈದವರ ದೇಶಕ್ಕಾಗಿಯೇ ಪ್ರಾಣ ಕೊಟ್ಟ, ಆದ್ದರಿಂದ ಅವನೂ ಆ ದೇಶದವನೇ. ಕೇಳಲು ಚೆಂದ. ಆದರೆ ಆ 'ಆದ್ದರಿಂದ' ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಅವನು ಧೈರ್ಯಶಾಲಿಯಾಗಿರದಿದ್ದರೆ? ಜ್ವರ ಬಂದು ಮನೆಗೆ ಮರಳಿ, ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಾ ಮುದುಕನಾಗಿದ್ದರೆ? ಬ್ರಿಸ್ಟಲ್‌ನ ಬೈಗುಳ ಆಗ ನ್ಯಾಯವಾಗುತ್ತಿತ್ತೇ? ಅಣ್ಣ ಎಡ್ವರ್ಡ್ ದಂತವೈದ್ಯನಾಗಿ ಜನರ ಹಲ್ಲುನೋವು ವಾಸಿಮಾಡುತ್ತಾ ಬದುಕಿದ. ತಮ್ಮನಿಗಿಂತ ಅವನು ಕಡಿಮೆ ಇಂಗ್ಲಿಷರವನೇ?

ಸೇವೆಗೆ ಪ್ರತಿಯಾಗಿ ಕೊಡುವುದು ಕೂಲಿ. ಮನುಷ್ಯನಿಗೆ ಸಲ್ಲಬೇಕಾದ ಗೌರವ ಕೂಲಿಯಲ್ಲ. ಅದು ಹುಟ್ಟಿನಿಂದ ಬಂದ ಹಕ್ಕು. ಕೆಲವರಿಂದ ಮಾತ್ರ ವಫಾದಾರಿಯ ಪುರಾವೆ ಕೇಳುವುದು, ಪುರಾವೆ ಕೊಟ್ಟ ಮೇಲೆ ಬೆನ್ನು ತಟ್ಟುವುದು, ಎರಡೂ ಒಂದೇ ಅನ್ಯಾಯದ ಎರಡು ಮುಖ. ನಾವು ಕೂಡ ಎಷ್ಟೋ ಸಲ ಹುತಾತ್ಮರ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಹಕ್ಕಿನ ಮಾತಿಗೆ ಹೊರಡುತ್ತೇವೆ. ಆ ಹೆಸರುಗಳ ಬಗ್ಗೆ ಹೆಮ್ಮೆಯಿರಲಿ. ಆದರೆ ಪಟ್ಟಿಯಲ್ಲಿ ಇಲ್ಲದ ಬೀಡಿ ಕಟ್ಟುವವಳು, ಮೀನು ಮಾರುವವನು ಯಾವ ಪುರಾವೆ ತರಬೇಕು?

ಇದು ಬೇರೆಯವರಿಗೆ ಹೇಳುವ ಮಾತಷ್ಟೇ ಅಲ್ಲ. ನಮ್ಮದೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲರೂ ಇದ್ದಾರೆ. 1980ರ ದಶಕದ ಕೊನೆಯಲ್ಲಿ ಪದಕದ ಆಸೆಯಿಂದ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಡಲಾಯಿತು. ಕೆಲವೇ ವರ್ಷಗಳಲ್ಲಿ ಅದು ನಿಂತಿತು. ಪರಿಶಿಷ್ಟ ಪಂಗಡದ ಮಾನ್ಯತೆ ಸಿಗಲು 2003 ಬರಬೇಕಾಯಿತು. ಅವರ ಕಾಲುಗಳು ನಮಗೆ ಬೇಕಾದವು, ಅವರು ಬೇಕಾಗಲಿಲ್ಲ. ಬಿಳಿಯನಿಗೆ ಕರಿಯನಿಗಿಂತ ಮೇಲ್ಮೆಯಿಲ್ಲವೆಂದು ಪ್ರವಾದಿಯವರು ವಿದಾಯ ಭಾಷಣದಲ್ಲಿ ಸಾರಿದ್ದನ್ನು ವೇದಿಕೆಯಿಂದ ಹೇಳುವ ನಾವು, ಸಂಬಂಧ ಕುದುರಿಸುವಾಗ ಮೊದಲು ಕೇಳುವುದು ಹುಡುಗಿಯ ಬಣ್ಣವನ್ನೇ ಅಲ್ಲವೇ? ಮಸೀದಿಯ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಸಮಾನತೆ, ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಎಲ್ಲಿ ಹೋಗುತ್ತದೆ?

ಧಾರೇಶ್ವರದ ಹುಡುಗರಲ್ಲಿ ಸರಿಯಾಗಿ ಆಡಲು ಬಾರದವನೊಬ್ಬ ಇದ್ದೇ ಇರುತ್ತಾನೆ. ಒದ್ದ ಚೆಂಡು ಗೋಲಿಗೆ ಹೋಗದೆ ಅಲೆಗೆ ಬೀಳುತ್ತದೆ. ಉಳಿದವರು ರೇಗುತ್ತಾರೆ, ನಗುತ್ತಾರೆ. ಮರುದಿನವೂ ಅವನನ್ನು ಆಟಕ್ಕೆ ಕೂಗುತ್ತಾರೆ. ಅವನು ಗೋಲು ಹೊಡೆದು ತೋರಿಸಲಿ, ಆಮೇಲೆ ನಮ್ಮವನೆನ್ನೋಣ ಎಂದು ಯಾರೂ ಹೇಳುವುದಿಲ್ಲ. ದೊಡ್ಡವರಾದ ನಾವು ಕಲಿಯಬೇಕಾದದ್ದು ಅಷ್ಟೇ.